ಚಿಕ್ಕತಿಮ್ಮಪ್ಪನ ಹಾರ್ಡ್ ಡಿಸ್ಕ್

ಹಿರಿಯೂರಿನ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅನುಸೂಯಳ ಡಿಟಿಪಿ ಅಂಗಡಿ. ನಾಮಕರಣದ ಕಾರ್ಡು, ಲಗ್ನಪತ್ರಿಕೆ, ಗೃಹಪ್ರವೇಶದ ಆಹ್ವಾನ, ಹುಟ್ಟುಹಬ್ಬದ ಫ್ಲೆಕ್ಸು, ಶಿವಗಣಾರಾಧನೆಯ ಕಾರ್ಡು, ಹೀಗೆ ಮನುಷ್ಯ ಬಂದಾಗಿನಿಂದ ಹೋಗುವವರೆಗೆ ಅಚ್ಚಾಗಬೇಕಾದದ್ದೆಲ್ಲ ಅವಳ ಒಂದೇ ಒಂದು ಕಂಪ್ಯೂಟರಿನಿಂದ ಹೊರಡುತ್ತಿತ್ತು. ಅದರ ಹೊಟ್ಟೆಯೊಳಗೆ ಎರಡು ಡಿಸ್ಕುಗಳಿದ್ದವು. ಒಂದು, ಅಂಗಡಿ ಶುರುವಾದಾಗಿನಿಂದ ಇದ್ದ, ಅರ್ಧ ಇಟ್ಟಿಗೆಯಷ್ಟು ಭಾರದ ಹಾರ್ಡ್ ಡಿಸ್ಕ್. ಇನ್ನೊಂದು, ಕಂಪ್ಯೂಟರ್ ರಿಪೇರಿಯ ನಿರಂಜನ್ ಆಮೇಲೆ ತಂದು ಕೂರಿಸಿದ ಹೊಸದು. ಕೈಗೆ ತೆಗೆದುಕೊಂಡರೆ ಒಳಗೆ ಏನೂ ಇಲ್ಲವೇನೋ ಎನ್ನುವಷ್ಟು ಹಗುರ. ಕೆಲಸವೆಲ್ಲ ಹೊಸದಕ್ಕೆ ಬಿದ್ದ ಮೇಲೆ ಹಳೆಯದಕ್ಕೆ ಸದ್ದು ಮಾಡುವುದನ್ನು ಬಿಟ್ಟು ಬೇರೆ ಕೆಲಸ ಉಳಿದಿರಲಿಲ್ಲ. ಕರಕರ, ಕಟಕಟ ಎಂದು ಅದು ಹಗಲೆಲ್ಲ ಏನನ್ನೋ ಕಡಿಯುತ್ತ ಕೂತಿರುತ್ತಿತ್ತು. ಲಗ್ನಪತ್ರಿಕೆಗೆ ಬಂದವರು ಅಂಗಡಿಯಲ್ಲಿ ಇಲಿ ಸೇರಿಕೊಂಡಿದೆ ಎಂದು ಕಾಲು ಮೇಲೆತ್ತಿ ಕೂರುತ್ತಿದ್ದರು.

ತಂಗಿ ಸ್ವಾತಿಯ ಮದುವೆಗೆಂದು ವಾರದ ಮಟ್ಟಿಗೆ ಅಂಗಡಿ ಮುಚ್ಚುವ ದಿನ ಅನುಸೂಯಳಿಗೆ ಎಲ್ಲವನ್ನೂ ಚೊಕ್ಕಟ ಮಾಡುವ ಹುಮ್ಮಸ್ಸು ಬಂತು. ಮೊಬೈಲಿನಲ್ಲಿ ಒಂದು ವಿಡಿಯೊ ನೋಡಿ, ಕರೆಂಟ್ ತೆಗೆದು, ಡಬ್ಬದ ಪಕ್ಕದ ತಗಡು ಬಿಚ್ಚಿ, ಸ್ಕ್ರೂ ಸಡಿಲಿಸಿ, ವೈರು ಕಿತ್ತು, ಹಳೆಯ ಡಿಸ್ಕನ್ನು ಹೊರಗೆಳೆದಳು. ನೋಯುತ್ತಿದ್ದ ಹಲ್ಲನ್ನು ತಾನೇ ಕಿತ್ತುಕೊಂಡಷ್ಟು ಹೆಮ್ಮೆಯಾಯಿತು. ಮತ್ತೆ ಕಂಪ್ಯೂಟರ್ ಹಾಕಿ ನೋಡಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ.

ಅದೇ ಹೊತ್ತಿಗೆ ಗಂಡನ ಚಿಕ್ಕಪ್ಪ ಚಿಕ್ಕತಿಮ್ಮಪ್ಪ ಬಂದ. ಯಲ್ಲದಕೆರೆಯವನು. ಬೋರ್ ಕೊರೆಸುವವರಿಗೆ ನೀರಿನ ಪಾಯಿಂಟ್ ತೋರಿಸುವುದು ಅವನ ಹಳೆಯ ಕಸುಬು. ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಹೊಲದ ತುಂಬ ನಡೆಯುವನು. ನೀರಿರುವ ಕಡೆ ಕಾಯಿ ತಾನಾಗಿ ಎದ್ದು ನಿಲ್ಲುವುದು. ಒಂದು ಕಾಲಕ್ಕೆ ಅವನನ್ನು ಕರೆದೊಯ್ಯಲು ಜನ ಮನೆ ಮುಂದೆ ಗಾಡಿ ನಿಲ್ಲಿಸಿಕೊಂಡು ಕಾಯುತ್ತಿದ್ದರಂತೆ. ಈಚೆಗೆ ಮೀಟರು, ವೈರು, ಡಬ್ಬಿ ಹಿಡಿದ ಮಿಷನ್ನಿನವರು ಬಂದು ಕಾಯಿಯನ್ನು ಕೇಳುವವರಿಲ್ಲವಾಗಿತ್ತು. ಮೇಜಿನ ಮೇಲಿದ್ದ ಡಿಸ್ಕನ್ನು ಅವನು ಎತ್ತಿ ಅಂಗೈ ಮೇಲಿಟ್ಟು ತೂಗಿ ನೋಡಿದ. ಇದರೊಳಗೆ ಏನಿದೆ ಎಂದು ಕೇಳಿದ. ಅಯಸ್ಕಾಂತ ಇರುತ್ತದೆ, ಕನ್ನಡಿಯಂಥ ಬಿಲ್ಲೆ ತಿರುಗುತ್ತದೆ ಎಂದು ಅನುಸೂಯ ಹೇಳಿದಳು. ಮುದುಕ ಅದನ್ನು ಇನ್ನೊಂದು ಅಂಗೈಗೆ ದಾಟಿಸಿ ಮತ್ತೆ ತೂಗಿದ. ಬೇಡವಾದರೆ ನನಗೆ ಕೊಡು ಎಂದ. ಅವಳು ಹಾಳಾದ ಲಗ್ನಪತ್ರಿಕೆಯೊಂದರಲ್ಲಿ ಸುತ್ತಿ ಕೊಟ್ಟು ಕಳಿಸಿದಳು.

ಮದುವೆ ಮುಗಿಸಿಕೊಂಡು ಬಂದು ಅಂಗಡಿ ತೆಗೆದು ಸ್ವಿಚ್ ಒತ್ತಿದರೆ ಕಪ್ಪು ಪರದೆಯ ಮೇಲೆ ಇಂಗ್ಲಿಷಿನ ಒಂದೇ ಒಂದು ಬಿಳಿ ಸಾಲು. ಶುರು ಮಾಡಲಿಕ್ಕೆ ಏನೂ ಸಿಗುತ್ತಿಲ್ಲ ಎಂಬುದು ಅದರ ಸಾರಾಂಶ. ಆರಿಸಿ ಹಚ್ಚಿದಳು. ಅದೇ ಸಾಲು. ನಿರಂಜನ್ ಬಂದ. ಒಳಗಿನ ಪಟ್ಟಿಗಳನ್ನು ಕಿತ್ತು, ಸ್ಕೂಲ್ ರಬ್ಬರಿನಿಂದ ಉಜ್ಜಿ ಮತ್ತೆ ಸಿಕ್ಕಿಸಿದ. ಗುಂಡನೆಯ ಸಣ್ಣ ಬ್ಯಾಟರಿ ಬದಲಿಸಿದ. ಪೆನ್ ಡ್ರೈವ್ ಹಾಕಿ ರಿಪೇರಿಗೆ ಬಿಟ್ಟ; ಅದು ಗರಗರ ಸುತ್ತಿ, ನನ್ನಿಂದಾಗದು ಎಂದು ಕೈಚೆಲ್ಲಿತು. ಕೊನೆಗೆ ಹೊಸ ಡಿಸ್ಕನ್ನು ತನ್ನ ಲ್ಯಾಪ್‌ಟಾಪಿಗೆ ತಗುಲಿಸಿ ನೋಡಿದರೆ ಅನುಸೂಯಳ ಫೈಲುಗಳೆಲ್ಲ ಒಂದೂ ಕೆಡದೆ ಕೂತಿದ್ದವು.

ಅಷ್ಟರಲ್ಲಿ ಮುರುಗೇಶಪ್ಪನವರು ಬಂದರು. ಅವರು ನಿವೃತ್ತ ಕನ್ನಡ ಅಧ್ಯಾಪಕರು. ಭಾನುವಾರ ಚಿತ್ರದುರ್ಗದಲ್ಲಿ ಅವರಿಗೆ ಸನ್ಮಾನ, ಜೊತೆಗೆ 'ಮುರುಗೇಶಾಮೃತ' ಎಂಬ ಅಭಿನಂದನ ಗ್ರಂಥದ ಬಿಡುಗಡೆ. ಗ್ರಂಥಕ್ಕೆ ಶಿಷ್ಯರು ಲೇಖನ ಬರೆಯಬೇಕೆಂದು ತೀರ್ಮಾನವಾಗಿತ್ತು. ಶಿಷ್ಯರು ಇವತ್ತು ನಾಳೆ ಎನ್ನುತ್ತ ತಿಂಗಳು ತಳ್ಳಿದ್ದರಿಂದ, ಅವರಿಗೆ ತೊಂದರೆಯಾಗಬಾರದೆಂದು ಮುರುಗೇಶಪ್ಪನವರೇ ಅವರವರ ಹೆಸರಿನಲ್ಲಿ ತಮ್ಮನ್ನು ಹೊಗಳಿ ಬರೆದುಕೊಟ್ಟಿದ್ದರು. ಆ ಹೊಗಳಿಕೆಯನ್ನೆಲ್ಲ ಪುಟ ಕಟ್ಟಿ ಕೂರಿಸಿದವಳು ಅನುಸೂಯ. ದುರ್ಗದ ಪ್ರೆಸ್ಸಿನವರು ಅವತ್ತು ಸಂಜೆಯೊಳಗೆ ಫೈಲು ಕೈಗೆ ಬರದಿದ್ದರೆ ಭಾನುವಾರಕ್ಕೆ ಪುಸ್ತಕವಿಲ್ಲ ಎಂದು ಹೇಳಿದ್ದರು.

ನಿರಂಜನ್ ತನ್ನ ಲ್ಯಾಪ್‌ಟಾಪಿನಲ್ಲೇ ಗ್ರಂಥವನ್ನು ತೆರೆದು ತೋರಿಸಿದ. ಮೊದಲ ಪುಟದಲ್ಲಿ ಮುರುಗೇಶಪ್ಪನವರ ಶಾಲು ಹೊದ್ದ ಫೋಟೊ ಸರಿಯಾಗೇ ಇತ್ತು. ಅದರ ಕೆಳಗೆ ಕನ್ನಡದ ಬದಲು ಪ್ರಶ್ನಾರ್ಥಕ ಚಿಹ್ನೆ, ಬಾಲವಿದ್ದ ಇಂಗ್ಲಿಷ್ ಅಕ್ಷರ, ಚುಕ್ಕಿ, ಆವರಣಗಳು ಇರುವೆ ಹರಿದಂತೆ ಹರಿದಿದ್ದವು. ಮುರುಗೇಶಪ್ಪನವರು ಕನ್ನಡಕ ಹಾಕಿಕೊಂಡು ಒಂದು ಪ್ಯಾರಾ ಪೂರ್ತಿ ಓದಲು ಪ್ರಯತ್ನಪಟ್ಟರು. ಇದು ಯಾವ ಶಿಷ್ಯನ ಲೇಖನ ಎಂದು ಕೇಳಿದರು. ಪುಟ ಕಟ್ಟುವ ಹಳೆಯ ಸಾಫ್ಟ್‌ವೇರೂ ಅದರ ಅಕ್ಷರಗಳೂ ಅನುಸೂಯಳ ಕಂಪ್ಯೂಟರಿನಲ್ಲಿ ಮಾತ್ರ ಇವೆ, ಅವುಗಳ ಸಿ.ಡಿ. ಕಳೆದುಹೋಗಿ ಎಷ್ಟೋ ಕಾಲವಾಯಿತು ಎಂದು ಅವರಿಗೆ ತಿಳಿಸಿ ಹೇಳುವಷ್ಟರಲ್ಲಿ ನಿರಂಜನ್ ಬೆವೆತುಹೋದ.

ಆಗ ಅವನಿಗೆ ಡಬ್ಬದೊಳಗೆ ಖಾಲಿ ಜಾಗವೊಂದು ಕಣ್ಣಿಗೆ ಬಿತ್ತು. ಇಲ್ಲಿದ್ದದ್ದು ಎಲ್ಲಿ ಎಂದ. ತೆಗೆದೆ ಎಂದಳು ಅನುಸೂಯ. ಅವನು ಹಣೆ ಹಿಡಿದುಕೊಂಡು ಸ್ಟೂಲಿನ ಮೇಲೆ ಕೂತ.

"ಅಕ್ಕ, ಮನೆ ಸಾಮಾನೆಲ್ಲ ಹೊಸ ಡಿಸ್ಕಿನಾಗೇ ಐತೆ. ಬಾಗ್ಲು ತೆಗೆಯೋ ಬೀಗದ ಕೈ ಮಾತ್ರ ಹಳೇದ್ರಾಗೆ ಉಳ್ಕಂಡಿತ್ತು. ಅವತ್ತು ನಾನು ಹೊಸದನ್ನ ಹಾಕ್ವಾಗ ಹಳೇದನ್ನ ಬಿಚ್ಚಿಟ್ಟು ಹಾಕಬೇಕಿತ್ತು, ಹಂಗೇ ಹಾಕ್ಬಿಟ್ಟೆ. ಒಂದ್ಸಲ ಅದನ್ನ ತಗುಲ್ಸಿ ಕಂಪ್ಯೂಟ್ರನ್ನ ಎಬ್ಬಿಸಿದ್ರೆ ಸಾಕು, ಬೀಗದ ಕೈನ ಈ ಕಡೆ ಇಳಿಸ್ಕಬೋದು."

ಅನುಸೂಯ ಚಿಕ್ಕತಿಮ್ಮಪ್ಪನಿಗೆ ಫೋನ್ ಮಾಡಿದಳು. ಮುದುಕನ ದನಿಯೇ ಬದಲಾಗಿತ್ತು. ಆಸ್ಥಾನದಲ್ಲಿ ಕೂತವನ ಗತ್ತು ಅದರಲ್ಲಿತ್ತು. ಆ ವಾರದಲ್ಲಿ ನಡೆದದ್ದನ್ನು ಅವನು ಸಾವಕಾಶವಾಗಿ ಹೇಳಿದ. ಪಕ್ಕದ ಹೊಲದ ಅಜ್ಜಪ್ಪ ಬೋರ್ ಕೊರೆಸಲು ಹೊರಟಾಗ ಇವನು ಕಾಯಿಯ ಬದಲು ಡಿಸ್ಕನ್ನು ಅಂಗೈ ಮೇಲಿಟ್ಟುಕೊಂಡು ನಡೆದನಂತೆ, ಹುಣಿಸೆಮರದ ಹತ್ತಿರ ಕೈ ಬಲಕ್ಕೆ ವಾಲಿತಂತೆ, ಅಲ್ಲೇ ಕೊರೆಸಿದರೆ ನೀರು ಚಿಮ್ಮಿತಂತೆ. ಈಗ ಕಾಯಿಯವನೂ ತಾನೇ, ಮಿಷನ್ನಿನವನೂ ತಾನೇ. ಡಿಸ್ಕನ್ನು ಒಂದು ಗಳಿಗೆ ಕೊಡು ಮಾವ ಎಂದು ಅವಳು ಕೇಳಿದಾಗ ಅವನು ಬಹಳ ಮೃದುವಾಗಿ ಮಾತಾಡಿದ.

"ಅದು ಈಗ ನನ್ನ ಕೈ ಬಿಟ್ಟು ಇಳಿಯಲ್ಲ ಕಣವ್ವ. ಹೊಸದುರ್ಗದಾಗೆ ಅದೀನಿ. ನಿನಗೆ ಅಷ್ಟು ಜರೂರಿದ್ರೆ ಆ ಕಂಪ್ಯೂಟ್ರನ್ನೇ ಇಲ್ಲಿಗೆ ತಗಂಬಾ."

ಬೇರೆ ದಾರಿ ಕಾಣಲಿಲ್ಲ. ಅವಳ ಗಂಡ ಚಂದ್ರು ತೆಂಗಿನಕಾಯಿ ಸಾಗಿಸುವ ಲಗೇಜ್ ಗಾಡಿ ಓಡಿಸುತ್ತಿದ್ದ. ಕಾಯಿ ಇಳಿಸಿ ಆಗಷ್ಟೇ ಬಂದಿದ್ದ ಅವನು ಮೂಲ ಕಾರಣವನ್ನು ಕೇಳಿ ತಿಳಿದುಕೊಳ್ಳುವ ಗೋಜಿಗೆ ಹೋಗದೆ ಗಾಡಿ ತಿರುಗಿಸಿದ. ಕಂಪ್ಯೂಟರಿನ ಡಬ್ಬವನ್ನು ಬೆಡ್‌ಶೀಟಿನಲ್ಲಿ ಸುತ್ತಿ ಅನುಸೂಯ ಕಾಲ ಬಳಿ ಇಟ್ಟುಕೊಂಡಳು. ನಿರಂಜನ್ ಪಂಚಾಯಿತಿಯೊಂದರ ರಿಪೇರಿಗೆ ಹೋಗಬೇಕಾಗಿದ್ದರಿಂದ ಫೋನಿನಲ್ಲೇ ದಾರಿ ಹೇಳುತ್ತೇನೆಂದ. ಮುರುಗೇಶಪ್ಪನವರು ಮಾತ್ರ ನಾನೂ ಬರುತ್ತೇನೆ ಎಂದು ಹಟ ಹಿಡಿದರು.

"ನನ್ನ ಇಡೀ ಬದುಕು ಅದರೊಳಗಿದೆಯಮ್ಮಾ. ಅದನ್ನು ಒಂಟಿಯಾಗಿ ಹೇಗೆ ಕಳಿಸಲಿ?" ಎಂದು ಕೇಳಿ, ಮಾನಿಟರನ್ನು ಮೊಮ್ಮಗುವಿನಂತೆ ತೊಡೆಯ ಮೇಲೆ ಕೂರಿಸಿಕೊಂಡು ಹತ್ತಿದರು. ಹೊಸದುರ್ಗದವರೆಗೂ ಅದರ ಕಪ್ಪು ಗಾಜಿನಲ್ಲಿ ತಮ್ಮದೇ ಮುಖ ನೋಡಿಕೊಳ್ಳುತ್ತ, ಕ್ರಾಪು ಹಾರಿದಾಗ ಸರಿಮಾಡಿಕೊಳ್ಳುತ್ತ ಬಂದರು.

ಹೊಸದುರ್ಗದಲ್ಲಿ ಚಿಕ್ಕತಿಮ್ಮಪ್ಪ ಇರಲಿಲ್ಲ. ಅವನು ಇಳಿದುಕೊಂಡಿದ್ದ ಮನೆಯವರು, ಡಿಸ್ಕಪ್ಪನವರನ್ನು ಹೊಳಲ್ಕೆರೆ ಕಡೆಯ ತಿಪ್ಪೇರುದ್ರಪ್ಪ ಕಾರಿನಲ್ಲಿ ಕರೆದುಕೊಂಡು ಹೋದರು ಎಂದರು. ಡಿಸ್ಕಪ್ಪ ಎಂಬ ಹೆಸರು ಕೇಳಿ ಚಂದ್ರು ತುಸು ಹೊತ್ತು ಸ್ಟೇರಿಂಗಿನ ಮೇಲೆ ತಲೆಯಿಟ್ಟುಕೊಂಡು ಕೂತ. ಮುರುಗೇಶಪ್ಪನವರು ಗಡಿಯಾರ ನೋಡಿಕೊಂಡು ಹೋಗಾಣಪ್ಪ ಎಂದರು. ಅವರು ಆಡುಮಾತು ಆಡಿದ್ದನ್ನು ಅನುಸೂಯ ಕೇಳಿದ್ದು ಅದೇ ಮೊದಲು.

ತಿಪ್ಪೇರುದ್ರಪ್ಪ ಹೊಸದಾಗಿ ದಾಳಿಂಬೆ ಹಾಕಿದ್ದ ದೊಡ್ಡ ಹಿಡುವಳಿದಾರ. ಹೊಲದ ಬದುವಿನ ಮೇಲೆ ಬೋರ್ ಕೊರೆಯುವ ರಿಗ್ ಲಾರಿ ಬಂದು ನಿಂತಿತ್ತು. ಕೆಲಸಗಾರರು ಅದರ ನೆರಳಿನಲ್ಲಿ ಮಲಗಿದ್ದರು. ಹೊಂಗೆಮರದ ಕೆಳಗೆ ಸ್ಟೀಲಿನ ತಟ್ಟೆಯೊಂದರಲ್ಲಿ ಅನುಸೂಯಳ ಹಾರ್ಡ್ ಡಿಸ್ಕ್ ಕೂತಿತ್ತು. ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ, ಸುತ್ತ ಅರಿಶಿನದ ದಾರ. ಪಕ್ಕದಲ್ಲಿ ಚಿಕ್ಕತಿಮ್ಮಪ್ಪ ಹೊಸ ಟವೆಲು ಹೆಗಲಿಗೆ ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದ. ಲಗೇಜ್ ಗಾಡಿಯಿಂದ ಕಂಪ್ಯೂಟರ್ ಇಳಿದದ್ದನ್ನು ಕಂಡ ತಿಪ್ಪೇರುದ್ರಪ್ಪ, ಡಿಸ್ಕಪ್ಪನವರು ತನ್ನ ಹೊಲಕ್ಕೆಂದೇ ವಿಶೇಷ ಸಲಕರಣೆ ತರಿಸಿದ್ದಾರೆ ಎಂದುಕೊಂಡು ಎದ್ದು ನಿಂತ. ಬರ್ರಿ, ಕುಂತ್ಕಳ್ರಿ ಎಂದು ಮುರುಗೇಶಪ್ಪನವರಿಗೆ ತನ್ನ ಕುರ್ಚಿ ಕೊಟ್ಟ. ಅವನ ತಪ್ಪು ತಿಳುವಳಿಕೆಯನ್ನು ಯಾರೂ ತಿದ್ದಲಿಲ್ಲ.

ಡಿಸ್ಕಿನ ಬಾಯಿಗೆಲ್ಲ ಕುಂಕುಮ ತುಂಬಿತ್ತು. ಅನುಸೂಯ ಸೀರೆಪಿನ್ನಿನಿಂದ ಕೆರೆದು, ಉಫ್ ಎಂದು ಊದಿ ಚೊಕ್ಕಟ ಮಾಡಿದಳು. ಪಂಪ್‌ಸೆಟ್ಟಿನ ಮನೆಯಿಂದ ಕರೆಂಟ್ ಎಳೆದರು. ಚಿಕ್ಕತಿಮ್ಮಪ್ಪ ಡಿಸ್ಕನ್ನು ಡಬ್ಬದೊಳಗೆ ಇಡಲು ಮಾತ್ರ ಸುತರಾಂ ಒಪ್ಪಲಿಲ್ಲ. ಬೇಕಾದರೆ ವೈರು ನನ್ನ ಕೈಗೇ ಕೊಡು ಎಂದ. ಡಬ್ಬದ ತೆರೆದ ಪಕ್ಕದಿಂದ ಹೊರಬಂದ ಎರಡು ಗಿಡ್ಡ ವೈರುಗಳನ್ನು ಅವಳು ಅವನ ಅಂಗೈ ಮೇಲಿದ್ದ ಡಿಸ್ಕಿಗೆ ಚುಚ್ಚಿ, ಸ್ವಿಚ್ ಒತ್ತಿದಳು.

ಡಿಸ್ಕ್ ಕರಕರ ಎಂದು ಎದ್ದಿತು. ಚಿಕ್ಕತಿಮ್ಮಪ್ಪನ ಕೈ ನಡುಗಿತು. ಅವನ ಕಣ್ಣು ಅಗಲವಾಯಿತು. ಒಳಗೆ ಅಷ್ಟು ವೇಗವಾಗಿ ತಿರುಗುವುದನ್ನು ಅಂಗೈ ಮೇಲೆ ಹಿಡಿದರೆ ಯಾರ ಕೈಯಾದರೂ ನಡುಗುತ್ತದೆ ಎಂದು ಅನುಸೂಯ ಹೇಳಬೇಕೆಂದಿದ್ದಳು. ಅಷ್ಟರಲ್ಲಿ ಪರದೆ ಬೆಳಗಿತು.

ಅವಳ ಕಂಪ್ಯೂಟರಿನ ಪರದೆಯ ಮೇಲೆ, ಎಲ್ಲಕ್ಕಿಂತ ಮೊದಲು ಕಾಣುವಂತೆ, ಕೋಡಿ ಬಿದ್ದ ಮಾರಿಕಣಿವೆಯ ಫೋಟೊ ಇತ್ತು. ಡ್ಯಾಮ್ ತುಂಬಿದಾಗ ಸಂಸಾರ ಸಮೇತ ಹೋಗಿ ತೆಗೆದದ್ದು. ಇಡೀ ಪರದೆ ನೀರೇ ನೀರು.

ತಿಪ್ಪೇರುದ್ರಪ್ಪ ಚಪ್ಪಲಿ ಬಿಟ್ಟು ಕೈಮುಗಿದ. ರಿಗ್ಗಿನವರು ಎದ್ದು ಕೂತರು. ಅನುಸೂಯ ಗಾಬರಿಯಾಗಿ, ಅದು ಬರೀ ಫೋಟೊ, ನಮ್ಮ ಮಾರಿಕಣಿವೆ ಎಂದಳು. ಮಾರಿಕಣಿವೆ ಅಂತ ನಮಗೂ ಗೊತ್ತೈತಮ್ಮ, ಅದು ಇಲ್ಲಿ ಯಾಕೆ ಕಾಣಿಸ್ತು ಅನ್ನೋದಲ್ವ ಮುಖ್ಯ ಎಂದ ತಿಪ್ಪೇರುದ್ರಪ್ಪ.

ಆದರೆ ಅಲ್ಲಿಯೇ ಕೊರೆಸಲು ಅವನಿಗೆ ಮನಸ್ಸಿರಲಿಲ್ಲ. ಹೋದ ಸಲ ಅಲ್ಲೇ ಕೊರೆಸಿ ಬರೀ ಧೂಳು ಬಂದಿತ್ತಂತೆ. ಮೇಲಿನ ಹೊಲದ ಕಡೆ ಹೋಗಿ ನೋಡೋಣ ಎಂದ. ಇತ್ತ ಫೋನಿನಲ್ಲಿ ನಿರಂಜನ್, ಕೆಲಸ ಮುಗಿಯುವ ತನಕ ಕಂಪ್ಯೂಟರ್ ಮಾತ್ರ ಆರಿಸಬೇಡ ಅಕ್ಕ, ಹಳೇ ಡಿಸ್ಕು ಇನ್ನೊಂದು ಸಲ ಏಳುತ್ತದೋ ಇಲ್ಲವೋ ಹೇಳಲಾಗದು ಎಂದು ಹೆದರಿಸಿದ್ದ. ಹಾಗಾಗಿ ಎಲ್ಲರೂ ಹಾಗೆಯೇ ಹೊರಟರು. ಚಂದ್ರು ಉರಿಯುತ್ತಿದ್ದ ಕಂಪ್ಯೂಟರನ್ನು ಎದೆಗೆ ಅವಚಿಕೊಂಡ. ಗಿಡ್ಡ ವೈರಿನ ದೆಸೆಯಿಂದ ಚಿಕ್ಕತಿಮ್ಮಪ್ಪ ಡಿಸ್ಕು ಹಿಡಿದು ಅವನ ಪಕ್ಕೆಗೆ ಅಂಟಿಕೊಂಡು ಜೋಡೆತ್ತಿನಂತೆ ಹೆಜ್ಜೆ ಹಾಕಿದ. ಮುರುಗೇಶಪ್ಪನವರು ಮಾನಿಟರನ್ನು ಜನರ ಕಡೆ ಮುಖ ಮಾಡಿ ಎತ್ತಿ ಹಿಡಿದು ಹಿಂದುಹಿಂದಕ್ಕೆ ನಡೆದರು. ರಿಗ್ಗಿನವರು ವೈರಿನ ಸುರುಳಿಯನ್ನು ಬಿಚ್ಚುತ್ತ ಹಿಂಬಾಲಿಸಿದರು. ಅನುಸೂಯ ಕೀಬೋರ್ಡನ್ನು ಗಂಡನ ಕೈಯಲ್ಲಿದ್ದ ಡಬ್ಬದ ನೆತ್ತಿಯ ಮೇಲಿಟ್ಟುಕೊಂಡು, ಫೋನನ್ನು ಸ್ಪೀಕರಿಗೆ ಹಾಕಿ ಸೆರಗಿಗೆ ಸಿಕ್ಕಿಸಿಕೊಂಡು, ದಾಳಿಂಬೆಯ ಗುಂಡಿಗಳನ್ನು ದಾಟುತ್ತ ಟೈಪು ಮಾಡಿದಳು.

ಕಪ್ಪು ಕಿಟಕಿಯೊಂದು ತೆರೆಯಬೇಕು, ಅದರಲ್ಲಿ ಬರೆಯಬೇಕು ಎಂದ ನಿರಂಜನ್. ಅವಳು ತೆರೆದಳು. ಕಿಟಕಿ ಪರದೆಯನ್ನೆಲ್ಲ ಆವರಿಸಿತು, ಮಾರಿಕಣಿವೆ ಮರೆಯಾಯಿತು. ಇಲ್ಲಿ ಒಣ ಎಂದು ತಿಪ್ಪೇರುದ್ರಪ್ಪ ತಲೆಯಾಡಿಸಿ ಮುಂದಕ್ಕೆ ನಡೆಸಿದ. ನಿರಂಜನ್ ಒಂದೊಂದೇ ಅಕ್ಷರ ಬಿಡಿಸಿ ಹೇಳತೊಡಗಿದ. ಬಿ, ಸಿ, ಡಿ, ಮತ್ತೆ ಬಿ, ಆಮೇಲೆ ಒ, ಇನ್ನೊಂದು ಒ. ಸೆರಗಿನೊಳಗಿಂದ ಬರುತ್ತಿದ್ದ ಆ ದನಿಗೆ ಮೆರವಣಿಗೆಯೆಲ್ಲ ಕಿವಿಗೊಟ್ಟಿತು. ರಿಗ್ಗಿನವನೊಬ್ಬ ಅದನ್ನು ಮೆಲ್ಲಗೆ ತಾನೂ ಹೇಳಿಕೊಳ್ಳುತ್ತಿದ್ದ. ಒಂದು ಸಲ ಗುಂಡಿಯೊಂದರಲ್ಲಿ ಚಂದ್ರುವಿನ ಕಾಲು ಉಳುಕಿ ಅವಳ ಬೆರಳು ತಪ್ಪಿತು. ಇನ್ನೊಂದು ಸಲ ಮುರುಗೇಶಪ್ಪನವರು ಹಿಂದಕ್ಕೆ ಜಾರಿ ಕೂತೇಬಿಟ್ಟರು. ಮಾನಿಟರ್ ಮಾತ್ರ ತಲೆಯ ಮೇಲೆಯೇ ಇತ್ತು. ಹೊಲದ ತಲೆಯಂಚಿಗೆ ಬರುವ ಹೊತ್ತಿಗೆ, ಕೆಲಸ ಯಶಸ್ವಿಯಾಯಿತು ಎಂಬ ಸಾಲು ಮೂಡಿತು. ಅನುಸೂಯಳಿಗೆ ಅಳುವೇ ಬಂದಂತಾಯಿತು. ನಿರಂಜನ್ ಇನ್ನೊಂದು ಕಡೆ ಒತ್ತಿಸಿ, ಈಗ ಕಿಟಕಿ ಮುಚ್ಚು ಅಕ್ಕ ಎಂದ. ಮುಚ್ಚಿದಳು.

ಮಾರಿಕಣಿವೆ ಧುಮ್ಮಿಕ್ಕಿತು.

ಅಲ್ಲೇ, ಚಿಕ್ಕತಿಮ್ಮಪ್ಪನ ಕಾಲ ಬುಡದಲ್ಲೇ, ತಿಪ್ಪೇರುದ್ರಪ್ಪ ಕಲ್ಲು ನೆಟ್ಟು ಕಾಯಿ ಒಡೆದ.

ಕಂಪ್ಯೂಟರ್ ಆರಿಸಿ ವೈರು ಬಿಡಿಸುವಾಗ ಚಿಕ್ಕತಿಮ್ಮಪ್ಪ ಅನುಸೂಯಳನ್ನು ಪಕ್ಕಕ್ಕೆ ಕರೆದ. ಅವನ ಅಂಗೈ ಇನ್ನೂ ಮೇಲ್ಮುಖವಾಗೇ ಇತ್ತು, ಅದನ್ನು ಮಡಚುವುದನ್ನು ಮರೆತಿದ್ದ.

"ಇಷ್ಟು ವರ್ಸದಾಗೆ ಇವತ್ತೇ ಕಣವ್ವ, ಕೈಯಾಗೆ ನಿಜವಾಗ್ಲೂ ಏನೋ ಬಂದಿದ್ದು" ಎಂದ. ಅವಳಿಗೆ ಅದರ ಕಾರಣ ಗೊತ್ತಿತ್ತು. ಡಿಸ್ಕನ್ನು ಅವನ ಟವೆಲಿನಲ್ಲಿ ಸುತ್ತಿ ಅವನಿಗೇ ಕೊಟ್ಟಳು.

ರಿಗ್ಗು ಶುರುವಾದಾಗ ಎದ್ದ ಧೂಳಿಗೆ ಹೆದರಿ ಅವರು ಗಾಡಿ ಹತ್ತಿಬಿಟ್ಟರು. ಸಂಜೆಗೆ ಮುಂಚೆ ದುರ್ಗ ಮುಟ್ಟಬೇಕಿತ್ತು. ಪೂರ್ತಿ ದಾರಿ ಅನುಸೂಯಳ ತಲೆಯಲ್ಲಿ ಇದ್ದದ್ದು ಒಂದೇ. ಹೊಲದಲ್ಲಿ ಕಂಪ್ಯೂಟರ್ ಎದ್ದದ್ದು ಹಳೆಯ ಡಿಸ್ಕಿನ ಜೊತೆ. ಈಗ ಅದಿಲ್ಲದೆ ಏಳುತ್ತದೋ ಇಲ್ಲವೋ. ಪ್ರೆಸ್ಸಿನವರು ಮೇಜಿನ ಮೇಲಿನ ಕಾಗದ ಸರಿಸಿ ಜಾಗ ಮಾಡಿಕೊಟ್ಟರು. ಮುರುಗೇಶಪ್ಪನವರು ನೋಡಲಾರೆನೆಂದು ಗೋಡೆಯ ಕಡೆ ತಿರುಗಿ ನಿಂತರು. ಸ್ವಿಚ್ ಒತ್ತಿದಳು. ಸದ್ದಿಲ್ಲ. ಅಷ್ಟು ವರ್ಷ ಕರಕರ ಕೇಳಿ ಅಭ್ಯಾಸವಾಗಿದ್ದರಿಂದ ಕಂಪ್ಯೂಟರ್ ಎದ್ದದ್ದೇ ಅವಳಿಗೆ ತಿಳಿಯಲಿಲ್ಲ. ಪ್ರೆಸ್ಸಿನವನೊಬ್ಬ, ಓಹೋ, ನಿಮ್ಮ ಡ್ಯಾಮು ಎಂದಾಗ ತಲೆಯೆತ್ತಿ ನೋಡಿದಳು. ಗ್ರಂಥ ತೆರೆಯಿತು. ಮುರುಗೇಶಪ್ಪನವರು ತಿರುಗಿ, ಶಿಷ್ಯನೊಬ್ಬನ ಹೆಸರಿನಲ್ಲಿ ತಾವೇ ಬರೆದ ಮೊದಲ ಸಾಲನ್ನು ಗಟ್ಟಿಯಾಗಿ ಓದಿ, ಎಷ್ಟು ಚೆನ್ನಾಗಿ ಬರೆದಿದ್ದಾನೆ ಎಂದು ಗದ್ಗದಿತರಾದರು.

ಭಾನುವಾರ ಸಭಾಂಗಣ ತುಂಬಿಹೋಗಿತ್ತು. ಮುಂದಿನ ಸಾಲುಗಳಲ್ಲಿ ಶಿಷ್ಯರು ಬೆರಳೆಣಿಕೆಯಷ್ಟಿದ್ದರು. ಉಳಿದವರೆಲ್ಲ ಹೊಳಲ್ಕೆರೆ ಕಡೆಯ ರೈತರು. ತಿಪ್ಪೇರುದ್ರಪ್ಪನ ಬೋರಿನಲ್ಲಿ ಕೈಗಾತ್ರದ ನೀರು ಬಂದಿತ್ತು. ಟೀವಿ ಹಿಡಿದಿದ್ದ ಮೇಷ್ಟ್ರಿಗೆ ದುರ್ಗದಲ್ಲಿ ಸನ್ಮಾನವಂತೆ ಎಂಬ ಸುದ್ದಿ ಹಬ್ಬಿ ಜನ ಗಾಡಿ ಮಾಡಿಕೊಂಡು ಬಂದಿದ್ದರು. ಗ್ರಂಥ ಬಿಡುಗಡೆಯಾಯಿತು. ಹಾರ ಹಾಕಲು ಬಂದವರು ಒಬ್ಬೊಬ್ಬರಾಗಿ ಮುರುಗೇಶಪ್ಪನವರ ಕಿವಿಯಲ್ಲಿ ತಮ್ಮ ತಮ್ಮ ಊರಿನ ಹೆಸರು ಹೇಳಿ, ಒಂದ್ಸಲ ಬಂದು ಹಿಡಕಂಡು ನಿಂತ್ರೆ ಸಾಕು ಸಾ ಎಂದು ಕೇಳಿಕೊಂಡರು. ಮೊದಮೊದಲು ಅವರ ಮುಖ ಕೆಂಪಾಯಿತು. ಆಮೇಲೆ, ಇಷ್ಟು ಜನ ತಮ್ಮ ಬಾಯಿಂದ ಬರುವ ಒಂದು ಮಾತಿಗಾಗಿ ಕಾದು ನಿಂತದ್ದು ಅಧ್ಯಾಪಕ ವೃತ್ತಿಯಲ್ಲಿ ಎಂದೂ ಆಗಿರಲಿಲ್ಲವೆಂಬುದು ಅವರಿಗೆ ಹೊಳೆದಿರಬೇಕು. ಬಂದವರಿಗೆಲ್ಲ ಒಂದೊಂದು ಗ್ರಂಥ ಕೊಟ್ಟು, ಓದಿದ ಮೇಲೆ ಫೋನ್ ಮಾಡಿ, ಬರುತ್ತೇನೆ ಎಂದರು.

ಅದಾದ ಮೇಲೆ ಒಂದು ಮಧ್ಯಾಹ್ನ ಚಿಕ್ಕತಿಮ್ಮಪ್ಪ ಅಂಗಡಿಗೆ ಬಂದ. ಕರೆಗಳು ಬರುತ್ತಲೇ ಇದ್ದವು, ಅವನು ಹೋಗುತ್ತಿರಲಿಲ್ಲ. ಡಿಸ್ಕನ್ನು ಮೇಜಿನ ಮೇಲಿಟ್ಟು, ಅವತ್ತಿನಿಂದ ಇದು ಬರೀ ಕಬ್ಬಿಣದಂತೆ ಕೂತಿದೆ, ಎಷ್ಟು ನಡೆದರೂ ಮಿಸುಕುವುದಿಲ್ಲ, ನಿಜವಾಗಿ ಬರುವುದು ಹೇಗಿರುತ್ತದೆಂದು ಗೊತ್ತಾದ ಮೇಲೆ ಬಾರದಿರುವುದನ್ನು ಬಂತು ಎನ್ನಲು ಬಾಯಿ ಬರುವುದಿಲ್ಲ ಎಂದ. ಅನುಸೂಯ ಡಬ್ಬದ ತಗಡು ಬಿಚ್ಚಿದಳು. ಸ್ಟೂಲು ಹತ್ತಿರಕ್ಕೆಳೆದು ಅವನನ್ನು ಕೂರಿಸಿ, ವೈರು ಚುಚ್ಚಿ ಕೊಟ್ಟಳು. ಡಿಸ್ಕ್ ಎದ್ದಿತು. ಮುದುಕ ಅಂಗೈ ಚಾಚಿ ಕಣ್ಣು ಮುಚ್ಚಿಕೊಂಡ.

ಲಗ್ನಪತ್ರಿಕೆ ಮಾಡಿಸಲು ಬಂದ ದಂಪತಿ ಬಾಗಿಲಲ್ಲೇ ನಿಂತು, ಅವರಿಗೇನಾಗಿದೆ ಎಂದು ಕೇಳಿದರು. ಏನೂ ಇಲ್ಲ, ನಮ್ಮ ಮಾವ, ನೀವು ಒಳಗೆ ಬರ್ರಿ ಎಂದು ಅವಳು ಮಾದರಿ ಪತ್ರಿಕೆಗಳನ್ನು ಮುಂದಿಟ್ಟು, ಹುಡುಗಿಯ ಹೆಸರು ಬರೆದುಕೊಳ್ಳತೊಡಗಿದಳು.